ಅನುವಾದವಿಲ್ಲದ ಒಂದು ಸಾಲು

ನನ್ನ ಪಿಎಚ್.ಡಿ. ಪ್ರಬಂಧದ ವಿಷಯ ಕನ್ನಡ ಕಾವ್ಯ, ಬರೆಯುತ್ತಿರುವುದು ಇಂಗ್ಲಿಷಿನಲ್ಲಿ. ಉಲ್ಲೇಖಿಸುವ ಪ್ರತಿ ಕನ್ನಡ ಸಾಲಿನ ಕೆಳಗೂ ಅನುವಾದ ಇರಲೇಬೇಕು. ಈ ಅಭ್ಯಾಸ ಎಷ್ಟು ಒಗ್ಗಿಹೋಗಿದೆಯೆಂದರೆ, ಅನುವಾದವಿಲ್ಲದೆ ನಿಂತ ಸಾಲು ಕಂಡರೆ ಏನೋ ಬಿಟ್ಟುಹೋಗಿದೆ ಅನ್ನಿಸುತ್ತದೆ. ಇದರ ಬಗ್ಗೆ ನನಗೆ ಮೊದಲ ಸಲ ಕಸಿವಿಸಿಯಾದದ್ದು ಐರ್ಲೆಂಡಿನ ರಾಕ್ ಬ್ಯಾಂಡೊಂದರ ಹಾಡು ಕೇಳಿದಾಗ.

ಬ್ಯಾಂಡಿನ ಹೆಸರು ಫೌಂಟೇನ್ಸ್ ಡಿ.ಸಿ. ಕೊನೆಯ ಎರಡು ಅಕ್ಷರ ‘ಡಬ್ಲಿನ್ ಸಿಟಿ’ಯವು. ಡಬ್ಲಿನ್ನಿನ ಸಂಗೀತ ಕಾಲೇಜಿನಲ್ಲಿ ಪರಿಚಯವಾದ ಈ ಐವರನ್ನು ಹತ್ತಿರ ತಂದದ್ದು ಕಾವ್ಯದ ಹುಚ್ಚು. 2019ರ ಮೊದಲ ಆಲ್ಬಮ್ಮಿಗೆ ‘ಡಾಗ್ರೆಲ್’ ಎಂದು ಹೆಸರಿಟ್ಟರು. ಡಾಗ್ರೆಲ್ ಎಂದರೆ ಛಂದಸ್ಸು ಕುಂಟುವ, ಪಂಡಿತರು ಮೂಗುಮುರಿಯುವ ಪದ್ಯ. ಗ್ಯಾರೇಜ್ ರಾಕಿನ ಒರಟುತನ ಈ ಹೆಸರಿಗೆ ಒಪ್ಪುತ್ತದೆ: ಗಿಟಾರು ಗೀರುತ್ತದೆ, ಡ್ರಮ್ಮು ಓಡುತ್ತದೆ, ಗ್ರಿಯನ್ ಚಾಟನ್ ಹಾಡುವುದಕ್ಕಿಂತ ಹೆಚ್ಚಾಗಿ ಹೇಳುತ್ತಾನೆ, ಅದೂ ಅಪ್ಪಟ ಡಬ್ಲಿನ್ ಉಚ್ಚಾರದಲ್ಲಿ. ‘ಬಾಯ್ಸ್ ಇನ್ ದ ಬೆಟರ್ ಲ್ಯಾಂಡ್’ನಲ್ಲಿ ಬರುವ, ಬ್ರಿಟಿಷರನ್ನು ಬೈಯುವ ಟ್ಯಾಕ್ಸಿ ಚಾಲಕ ಆ ಉಚ್ಚಾರದಿಂದಲೇ ಎದ್ದು ಬಂದವನಂತಿದ್ದಾನೆ. ಇಲ್ಲಿ ಊರು ಹಾಡಿನ ವಸ್ತು ಮಾತ್ರವಲ್ಲ, ನಾಲಿಗೆಯ ತಿರುವಿನಲ್ಲೂ ಇದೆ.

ಆದರೆ ಊರಲ್ಲೇ ಇದ್ದು ಊರಿನ ಮಾತಾಡುವುದು ಸುಲಭ. ನಿಜವಾದ ಪರೀಕ್ಷೆ 2022ರ ‘ಸ್ಕಿಂಟಿ ಫಿಯಾ’. ಅಷ್ಟರಲ್ಲಿ ಅವರು ಲಂಡನ್ನಿನಲ್ಲಿ ನೆಲೆಸಿದ್ದರು. ‘ಸ್ಕಿಂಟಿ ಫಿಯಾ’ ಎನ್ನುವುದು ಡ್ರಮ್ಮರ್ ಟಾಮ್ ಕಾಲ್‌ನ ಮನೆಯ ಹಿರಿಯಜ್ಜಿಯೊಬ್ಬರ ಉದ್ಗಾರ. ಜಿಂಕೆಯ ಹೆಸರು ಹಿಡಿದು ಹಾಕುವ ಶಾಪ. ಆಲ್ಬಮ್ಮಿನ ಮುಖಪುಟದಲ್ಲಿ ಮನೆಯೊಳಗೆ ಬಂದು ನಿಂತ ಒಂದು ಜಿಂಕೆಯಿದೆ. ಅದು ಎಲ್ಲಿಯದು, ಇಲ್ಲೇಕೆ ಬಂತು, ಯಾರೂ ಹೇಳುವುದಿಲ್ಲ.

ಮೊದಲ ಹಾಡಿನ ಶೀರ್ಷಿಕೆ ಐರಿಷ್ ಭಾಷೆಯದು: ‘ಇನ್ ಆರ್ ಗ್ರೀಹ ಗೊ ಜೋ’. ಸುಮಾರು ಆರು ನಿಮಿಷದ ಹಾಡು. ಹಲವು ಕಂಠಗಳು ಈ ಮಾತನ್ನೇ ಮತ್ತೆ ಮತ್ತೆ ಹೇಳುತ್ತವೆ, ಇಗರ್ಜಿಯಲ್ಲಿ ಪ್ರಾರ್ಥನೆ ಹೇಳುವ ಹಾಗೆ. ಆಮೇಲೆ ಚಾಟನ್‌ನ ಇಂಗ್ಲಿಷ್ ಸಾಲುಗಳು ಬರುತ್ತವೆ, ತಾಳ ಬಿಗಿಯಾಗುತ್ತದೆ. ಆದರೆ ಆ ಐರಿಷ್ ಮಾತಿನ ಅರ್ಥವೇನೆಂದು ಹಾಡು ಎಲ್ಲಿಯೂ ಬಿಡಿಸಿ ಹೇಳುವುದಿಲ್ಲ.

ಇದರ ಹಿಂದೊಂದು ಘಟನೆಯಿದೆ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತೀರಿಕೊಂಡ ಐರಿಷ್ ತಾಯಿಯೊಬ್ಬರ ಸಮಾಧಿಕಲ್ಲಿನ ಮೇಲೆ ಇದೇ ಮಾತನ್ನು ಕೆತ್ತಿಸಲು ಮಕ್ಕಳು ಬಯಸಿದರು. 2020ರಲ್ಲಿ ಇಂಗ್ಲೆಂಡಿನ ಚರ್ಚ್ ನ್ಯಾಯಾಲಯ ಅನುವಾದವಿಲ್ಲದೆ ಕೆತ್ತುವಂತಿಲ್ಲ ಎಂದಿತು. ಅರ್ಥವಾಗದವರು ಅದನ್ನು ರಾಜಕೀಯ ಘೋಷಣೆಯೆಂದು ತಿಳಿದಾರು ಎಂಬುದು ಕಾರಣ. 2021ರಲ್ಲಿ ಮೇಲ್ಮನವಿಯಲ್ಲಿ ಕುಟುಂಬ ಗೆದ್ದಿತು. ಆ ಮಾತಿನ ಅರ್ಥ ಇಷ್ಟೇ: ‘ನಮ್ಮ ಎದೆಗಳಲ್ಲಿ ಎಂದೆಂದಿಗೂ’.

ಈ ವಸ್ತುವಿನ ಮೇಲೆ ಪ್ರತಿಭಟನೆಯ ಹಾಡು ಬರೆಯುವುದು ಕಷ್ಟವಿರಲಿಲ್ಲ. ನ್ಯಾಯಾಧೀಶರನ್ನು ಬೈದು, ಕಥೆ ಹೇಳಿ, ಕೇಳುಗರನ್ನು ಅಳಿಸಬಹುದಿತ್ತು. ಬ್ಯಾಂಡು ಮಾಡಿದ್ದು ಬೇರೆ. ಕಲ್ಲಿನ ಮೇಲೆ ಯಾವುದನ್ನು ಒಂಟಿಯಾಗಿ ನಿಲ್ಲಬಾರದು ಎಂದಿದ್ದರೋ ಅದನ್ನೇ ಹಾಡಿನಲ್ಲಿ ಒಂಟಿಯಾಗಿ ನಿಲ್ಲಿಸಿತು. ಅರ್ಥ ತಿಳಿಯುವ ಮೊದಲೇ ನನಗೆ ಅದು ಶೋಕವೆಂದು ಗೊತ್ತಾಗಿತ್ತು. ಅರ್ಥ ಹುಡುಕಿದ್ದು ಆಮೇಲೆ.

ಇಡೀ ಆಲ್ಬಮ್ ಈ ಎತ್ತರದಲ್ಲಿಲ್ಲ. ಐರ್ಲೆಂಡನ್ನೇ ಕುರಿತ ‘ಐ ಲವ್ ಯೂ’ ಪ್ರೀತಿಯಿಂದ ಆರಂಭವಾಗಿ ಸಿಟ್ಟಿನ ಮಹಾಪೂರವಾಗುತ್ತದೆ. ಊರು ಬಿಟ್ಟವರ ಹಾಡೆಂದರೆ ಹಂಬಲ ಮಾತ್ರ ಎಂಬ ನಮ್ಮ ನಂಬಿಕೆಯನ್ನು ಅದು ಮುರಿಯುತ್ತದೆ, ನಿಜ. ಆದರೆ ಅಲ್ಲಿ ಪದಗಳು ಒಂದನ್ನೊಂದು ತುಳಿಯುತ್ತವೆ. ಹೇಳಬೇಕಾದ್ದನ್ನೆಲ್ಲ ಹೇಳಿಬಿಡುವ ಆತುರವಿದೆ. 2024ರ ‘ರೊಮ್ಯಾನ್ಸ್’ ಹೆಚ್ಚು ನಯವಾದ, ದೊಡ್ಡ ವೇದಿಕೆಗೆ ಹೊಂದುವ ಆಲ್ಬಮ್. ಉಚ್ಚಾರ ಹಾಗೇ ಇದೆ, ಆದರೆ ಅದು ಯಾವ ಊರಿನ ಬೀದಿಯಲ್ಲಿ ನಡೆಯುತ್ತಿದೆಯೋ ನನಗೆ ತಿಳಿಯಲಿಲ್ಲ. ನಾನು ಮರಳಿ ಹೋಗುವುದು ಆ ಆರು ನಿಮಿಷಕ್ಕೆ.

ಅನುವಾದ ಬೇಡವೆಂದು ನಾನು ವಾದಿಸುತ್ತಿಲ್ಲ. ಅದಿಲ್ಲದಿದ್ದರೆ ಕವೆಂಟ್ರಿಯ ಆ ತಾಯಿಯ ಬಗ್ಗೆ ನನಗೆ ತಿಳಿಯುತ್ತಲೇ ಇರಲಿಲ್ಲ. ಮೇಲೆ ನಾನೂ ಅರ್ಥ ಕೊಟ್ಟಿದ್ದೇನೆ. ಕೊಡದೆ ಈ ಲೇಖನ ಮುಗಿಸಲು ಆಗಲಿಲ್ಲ. ಆದರೆ ಅನುವಾದ ಓದುಗರಿಗೆ ನೆರವಾಗುವುದು ಬೇರೆ, ಒಂದು ಭಾಷೆ ನಿಲ್ಲಲು ಅನುಮತಿಪತ್ರವಾಗುವುದು ಬೇರೆ. ನೆರವು ತುಸು ತಡವಾಗಿ ಬಂದರೂ ನಡೆಯುತ್ತದೆ. ಅನುಮತಿಯನ್ನು ಮೊದಲೇ ಪಡೆಯಬೇಕು.

ಕಳೆದ ತಿಂಗಳು ಒಂದು ಅಧ್ಯಾಯದ ಕರಡಿನಲ್ಲಿ ಒಂದೇ ಒಂದು ಕನ್ನಡ ಸಾಲನ್ನು ಹಾಗೇ ಬಿಟ್ಟು, ಅದರ ನಾದದ ಬಗ್ಗೆ ಒಂದು ಪುಟ ಬರೆದು, ಅರ್ಥವನ್ನು ಪುಟದ ಕೊನೆಗೆ ಕೊಟ್ಟೆ. ಕರಡು ಮರಳಿ ಬಂದಿದೆ. ಆ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯಿದೆ. ನಾನಿನ್ನೂ ಏನನ್ನೂ ಬದಲಿಸಿಲ್ಲ.