ಬಿಲ್ಲಿನ ಕೊನೆಯ ಸಾಲು

ರೇಷ್ಮೆ ನೂಲಿನ ಬಿಲ್ಲಾಗಲಿ, ಲಾರಿ ಆಫೀಸಿನ ರಸೀತಿಯಾಗಲಿ, ಎಲ್ಲರ ಕಣ್ಣು ಮೊದಲು ಬೀಳುವುದು ಮೊತ್ತದ ಮೇಲೆ. ಅದರ ಕೆಳಗೆ, ಸಹಿ ಹಾಕುವ ಜಾಗದ ಪಕ್ಕದಲ್ಲಿ, ಕನ್ನಡಕ ಬೇಡುವಷ್ಟು ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿರುತ್ತದೆ: ‘ಸಬ್ಜೆಕ್ಟ್ ಟು ಬೆಂಗಳೂರು ಜ್ಯೂರಿಸ್‌ಡಿಕ್ಷನ್ ಓನ್ಲಿ’, ಅಂದರೆ ಜಗಳ ಬಂದರೆ ಬೆಂಗಳೂರಿನ ಕೋರ್ಟಿಗೆ ಮಾತ್ರ ಅಧಿಕಾರ. ಎಷ್ಟೋ ಸಲ ಪ್ರೆಸ್ಸಿನವರೇ ಹಳೆಯ ಬಿಲ್ಲು ನೋಡಿಕೊಂಡು ಅದನ್ನು ಸೇರಿಸಿಬಿಟ್ಟಿರುತ್ತಾರೆ. ಕೊಳ್ಳುವವನು ಓದುವುದಿಲ್ಲ, ಮಾರುವವನೂ ಓದಿರುವುದಿಲ್ಲ. ಜಗಳ ಬಂದ ದಿನ ವಕೀಲರು ಮೊದಲು ಓದುವುದು ಮಾತ್ರ ಅದನ್ನೇ. ಹೊರರಾಜ್ಯದ ಕಂಪನಿಯ ಮೇಲೆ ನಮ್ಮೂರ ಕೋರ್ಟಿನಲ್ಲಿ ಕೇಸು ಹಾಕಬಹುದೇ ಎಂಬ ಪ್ರಶ್ನೆಗೆ ನಮ್ಮ ಕಾನೂನು ಕೊಟ್ಟಿರುವ ಉತ್ತರ ಚೆನ್ನಾಗಿದೆ. ಆ ಉತ್ತರವನ್ನು ತಂದು ಈ ಒಂದು ಸಾಲಿನ ಕೈಗೆ ಒಪ್ಪಿಸಿದ್ದರ ಬಗ್ಗೆ ನನ್ನ ತಕರಾರು.

ರಾಮನಗರ ಎಂದರೆ ನಮಗೆ ನೆನಪಾಗುವುದು ರೇಷ್ಮೆಗೂಡಿನ ಮಾರುಕಟ್ಟೆ. ಇನ್ನೊಂದು ರಾಮನಗರ ಕಾಶಿಯ ಎದುರು ದಡದಲ್ಲಿದೆ. ಕಾಶಿ ನರೇಶರ ಕೋಟೆ, ಒಂದು ತಿಂಗಳ ರಾಮಲೀಲೆ, ಬನಾರಸಿ ಸೀರೆ ನೇಯುವ ಮಗ್ಗಗಳು ಆ ಊರಿನ ಗುರುತು. ಕರ್ನಾಟಕದ ರೇಷ್ಮೆ ಬನಾರಸದ ಮಗ್ಗಗಳಿಗೆ ಹೋಗುವುದು ಹಳೆಯ ವಹಿವಾಟು. ಬೆಂಗಳೂರಿನ ಕಂಪನಿಯೊಂದು ಅಲ್ಲಿಗೆ ಕಳಿಸಿದ ನೂಲು, ಹಾಸು ಕಟ್ಟಿದ ಮೇಲೆ ಪಟಪಟನೆ ಹರಿಯತೊಡಗಿತು ಅನ್ನಿ. ನೇಕಾರ ಗಂಗೆ ದಾಟಿ ವಾರಾಣಸಿಯ ಕೋರ್ಟಿನಲ್ಲಿ ದಾವೆ ಹೂಡಬೇಕೋ, ರೈಲು ಹತ್ತಿ ಬೆಂಗಳೂರಿಗೆ ಬರಬೇಕೋ?

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಕಲಂ ಇದಕ್ಕೆ ನೇರವಾಗಿ ಉತ್ತರ ಕೊಡುತ್ತದೆ. ಪ್ರತಿವಾದಿ ವಾಸವಿರುವ ಅಥವಾ ವ್ಯಾಪಾರ ನಡೆಸುವ ಊರಿನಲ್ಲಿ ದಾವೆ ಹೂಡಬಹುದು. ವ್ಯಾಜ್ಯ ಕಾರಣ ಪೂರ್ತಿಯಾಗಿ ಇಲ್ಲವೇ ಸ್ವಲ್ಪವಾದರೂ ಹುಟ್ಟಿದ ಊರಿನಲ್ಲೂ ಹೂಡಬಹುದು. ಕೆಟ್ಟ ಮಾಲು ಒಪ್ಪಿಸಿದ್ದು ಕಾಶಿಯ ರಾಮನಗರದಲ್ಲಾದರೆ ವಾರಾಣಸಿಯ ಕೋರ್ಟು ಸಾಕು, ಕಂಪನಿಗೆ ಅಲ್ಲಿ ಆಫೀಸು ಇರಲೇಬೇಕೆಂದಿಲ್ಲ. ಅಮೆರಿಕದಲ್ಲಿ ಇಷ್ಟು ಮಾತಿಗೆ ದೊಡ್ಡ ಸಿದ್ಧಾಂತವೇ ಬೇಕಾಯಿತು. ಸೇಂಟ್ ಲೂಯಿಸಿನ ಇಂಟರ್‌ನ್ಯಾಷನಲ್ ಶೂ ಕಂಪನಿಯ ಮಾರಾಟಗಾರರು ವಾಷಿಂಗ್ಟನ್ ರಾಜ್ಯದಲ್ಲಿ ಒಂಟಿ ಶೂ ಹಿಡಿದು ತಿರುಗುತ್ತಿದ್ದರು. ಮಾದರಿಗೆ ಜೊತೆ ಯಾಕೆ, ಒಂದೇ ಕಾಲಿನದು ಸಾಕು ಎಂಬ ಲೆಕ್ಕ. ಆ ರಾಜ್ಯದಲ್ಲಿ ನಮಗೆ ಕಚೇರಿಯೇ ಇಲ್ಲ, ಅಲ್ಲಿನ ಕೋರ್ಟಿಗೆ ನಾವೇಕೆ ಬರಬೇಕು ಎಂದಿತು ಕಂಪನಿ. ಒಂದು ರಾಜ್ಯದಲ್ಲಿ ವ್ಯಾಪಾರದ ಲಾಭ ಪಡೆಯುವವರು ಆ ವ್ಯಾಪಾರದಿಂದ ಹುಟ್ಟಿದ ಹೊಣೆಗೂ ಅಲ್ಲೇ ಉತ್ತರಿಸಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟು ಹೇಳಿದ್ದು 1945ರಲ್ಲಿ.

ನಮ್ಮಲ್ಲೂ ಒಂದು ಕಾಲಕ್ಕೆ ಗಡಿ ಗಟ್ಟಿಯಾಗಿಯೇ ಇತ್ತು. ಬನಾರಸ್ ಸಂಸ್ಥಾನ 1949ರಲ್ಲಿ ಈಗಿನ ಉತ್ತರ ಪ್ರದೇಶದಲ್ಲಿ ವಿಲೀನವಾಗುವ ತನಕ ಕಾಶಿ ನರೇಶರ ರಾಜಧಾನಿ ಆ ರಾಮನಗರ. ನಮ್ಮ ರಾಮನಗರ ಆಗ ಕ್ಲೋಸ್‌ಪೇಟೆ, ಮೈಸೂರು ಸಂಸ್ಥಾನದ್ದು. ಒಂದು ಸಂಸ್ಥಾನದ ಕೋರ್ಟು ಅಲ್ಲಿಲ್ಲದ, ಅದರ ಅಧಿಕಾರಕ್ಕೆ ತಲೆಬಾಗದ ಹೊರಗಿನವನ ಮೇಲೆ ಹಣದ ಡಿಕ್ರಿ ಕೊಟ್ಟರೆ ಅದಕ್ಕೆ ಹೊರಗೆ ಬೆಲೆಯಿಲ್ಲ ಎಂದು 1894ರಲ್ಲಿ ಫರೀದ್‌ಕೋಟೆಯ ರಾಜನ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಹೇಳಿಬಿಟ್ಟಿತ್ತು. ವಿಲೀನವಾದ ಮೇಲೆ ಆ ಗೋಡೆ ಬಿತ್ತು. ಆ ಜಾಗದಲ್ಲಿ ಕರಾರು ಹೊಸ ಗೋಡೆ ಎಬ್ಬಿಸಿತು.

ಆ ಗೋಡೆಗೆ ಅಡಿಗಲ್ಲು ಬಿದ್ದದ್ದು ವಾರಾಣಸಿಯ ಕೇಸಿನಲ್ಲೇ ಎಂಬುದು ಕಾಕತಾಳೀಯ. ಹಾಕಂ ಸಿಂಗ್ ಎಂಬ ಗುತ್ತಿಗೆದಾರರು ಗ್ಯಾಮನ್ ಇಂಡಿಯಾ ಕಂಪನಿಗೆ ಕಟ್ಟಡ ಕಾಮಗಾರಿ ಮಾಡಿಕೊಡಲು ಒಪ್ಪಿದ್ದರು. ಕರಾರು ಮುಂಬಯಿಯಲ್ಲೇ ಆದಂತೆ ಭಾವಿಸಬೇಕು, ಮುಂಬಯಿ ಕೋರ್ಟಿಗೆ ಮಾತ್ರ ಅಧಿಕಾರ ಎಂಬ ಷರತ್ತು ಅದರಲ್ಲಿತ್ತು. ವಿವಾದವನ್ನು ಪಂಚಾಯ್ತಿಗೆ ಒಪ್ಪಿಸಿ ಎಂದು ಅವರು ವಾರಾಣಸಿಯ ಸಬ್ ಜಡ್ಜರ ಮುಂದೆ ಅರ್ಜಿ ಹಾಕಿದರು. ವ್ಯಾಜ್ಯ ಕಾರಣವೆಲ್ಲ ಇಲ್ಲೇ ಹುಟ್ಟಿದೆ, ಮುಂಬಯಿಗೆ ಇಲ್ಲದ ಅಧಿಕಾರವನ್ನು ಕರಾರು ಕೊಡಲಾರದು ಎಂದರು ಜಡ್ಜರು. ಅಲಹಾಬಾದ್ ಹೈಕೋರ್ಟ್ ಅದನ್ನು ತಿರುಗಿಸಿತು. 1971ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ಮಾತನ್ನೇ ಎತ್ತಿಹಿಡಿಯಿತು: ಕಂಪನಿಯ ಮುಖ್ಯ ಕಚೇರಿ ಮುಂಬಯಿಯಲ್ಲಿರುವುದರಿಂದ ಅಲ್ಲಿನ ಕೋರ್ಟಿಗೂ ಅಧಿಕಾರವಿದೆ; ಅಧಿಕಾರವಿರುವ ಎರಡು ಕೋರ್ಟುಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಷರತ್ತು, ಕೋರ್ಟಿಗೆ ಹೋಗುವ ಹಕ್ಕನ್ನು ತಡೆಯುವ ಒಪ್ಪಂದ ಅಸಿಂಧು ಎನ್ನುವ ಕರಾರು ಕಾಯಿದೆಯ 28ನೇ ಕಲಮಿಗೆ ವಿರುದ್ಧವಲ್ಲ.

ತರ್ಕದಲ್ಲಿ ತೀರ್ಪಿಗೆ ಕುಂದಿಲ್ಲ. ಆದರೆ ‘ಆರಿಸಿಕೊಳ್ಳುವುದು’ ಯಾರು? ಷರತ್ತು ಬರೆದವನು ಒಬ್ಬ, ಕೆಲಸ ಸಿಕ್ಕರೆ ಸಾಕೆಂದು ಸಹಿ ಹಾಕಿದವನು ಇನ್ನೊಬ್ಬ. ಇಬ್ಬರನ್ನೂ ಸಮಾನರೆಂದು ಹಿಡಿದಲ್ಲೇ ತೀರ್ಪು ಬಡವಾಯಿತು.

ಮುಂದಿನ ಇಪ್ಪತ್ತು ವರ್ಷ ನ್ಯಾಯಾಲಯಕ್ಕೂ ಇದು ಕಸಿವಿಸಿ ಮಾಡಿರಬೇಕು. 1989ರ ಎಬಿಸಿ ಲ್ಯಾಮಿನಾರ್ಟ್ ಪ್ರಕರಣ ನೋಡಿ. ಗುಜರಾತಿನ ಕಂಪನಿ ಸೇಲಂನ ವ್ಯಾಪಾರಿಗೆ ಬಾಬಿನ್ನಿಗೆ 35 ರೂಪಾಯಿಯಂತೆ 5000 ಬಾಬಿನ್ ಲೋಹದ ನೂಲು ಕೊಡಲು ಒಪ್ಪಿತ್ತು. ವಿವಾದ ಕೈರಾ ವ್ಯಾಪ್ತಿಗೆ ಒಳಪಟ್ಟದ್ದು ಎಂದು ಕರಾರಿನಲ್ಲಿತ್ತು, ಆದರೆ ‘ಮಾತ್ರ’ ಎಂಬ ಪದವಿರಲಿಲ್ಲ. ಅದೊಂದು ಪದವಿಲ್ಲದ್ದರಿಂದ ಸೇಲಂ ಕೋರ್ಟಿನ ಬಾಗಿಲು ತೆರೆದೇ ಉಳಿಯಿತು. 1991ರ ಪಟೇಲ್ ರೋಡ್‌ವೇಸ್ ತೀರ್ಪು ಇನ್ನೂ ಒಳ್ಳೆಯದು. ಈ ಸಾಲಿನಲ್ಲೇ ಅತ್ಯುತ್ತಮ ಎನ್ನುತ್ತೇನೆ. ಬೋಡಿನಾಯಕನೂರಿನ ವ್ಯಾಪಾರಿ ಅಲ್ಲಿನ ಶಾಖೆಯಲ್ಲಿ ದೆಹಲಿಗೆಂದು ಕೊಟ್ಟ ಏಲಕ್ಕಿ ಗೋದಾಮಿನಲ್ಲಿ ಬೆಂಕಿಗೆ ಸಿಕ್ಕಿತು. ಮುಂಬಯಿ ಕೋರ್ಟಿಗೆ ಮಾತ್ರ ಬನ್ನಿ ಎಂದಿತು ಸಾಗಣೆ ಕಂಪನಿ. ಶಾಖೆ ಇರುವ ಕಡೆಯೇ ವ್ಯಾಜ್ಯ ಕಾರಣ ಹುಟ್ಟಿದ್ದರೆ ಕಂಪನಿ ವ್ಯಾಪಾರ ನಡೆಸುವುದು ಅಲ್ಲೇ ಎಂದು ಕಾನೂನು ಭಾವಿಸುತ್ತದೆ. ಹಾಗಾಗಿ ಮುಂಬಯಿಗೆ ಅಧಿಕಾರವೇ ಇಲ್ಲ, ಇಲ್ಲದ್ದನ್ನು ಷರತ್ತು ಸೃಷ್ಟಿಸಲಾರದು ಎಂದಿತು ಸುಪ್ರೀಂ ಕೋರ್ಟು. ಊರೂರಿಗೆ ಶಾಖೆ ತೆರೆದು ದುಡಿಯುವವರು ಜಗಳಕ್ಕೆ ಮಾತ್ರ ಹೆಡ್ಡಾಫೀಸು ತೋರಿಸುವ ಚಾಳಿಗೆ ಬಿದ್ದ ಸರಿಯಾದ ಪೆಟ್ಟು ಅದು.

2013ರಲ್ಲಿ ಸ್ವಸ್ತಿಕ್ ಗ್ಯಾಸಸ್ ತೀರ್ಪು ಬಂತು. ಜೈಪುರದ ಕಂಪನಿ, ಎದುರಿಗೆ ಇಂಡಿಯನ್ ಆಯಿಲ್. ಷರತ್ತಿನಲ್ಲಿ ಕೋಲ್ಕತ್ತದ ಹೆಸರು. ‘ಮಾತ್ರ’ ಇಲ್ಲದಿದ್ದರೂ ಪರವಾಗಿಲ್ಲ, ಒಂದು ಊರಿನ ಹೆಸರು ಬರೆದರೆ ಉಳಿದವನ್ನು ಬಿಟ್ಟಂತೆಯೇ ಎಂದಿತು ಮೂವರ ಪೀಠ. ಎರಡು ದೊಡ್ಡ ಕಂಪನಿಗಳ ನಡುವೆ ಇದು ಒಪ್ಪತಕ್ಕದ್ದೇ. ಇದೇ ಅಳತೆಯನ್ನು ಒಂಟಿ ಮಗ್ಗದವನ ರಸೀತಿಗೂ ಹಚ್ಚಿದರೆ, ಅವನಿಗೆ ಉಳಿದಿದ್ದ ಕಿಂಡಿಯೂ ಮುಚ್ಚುತ್ತದೆ. ಅಷ್ಟು ದೂರದ ಕೋರ್ಟಿನಲ್ಲಿ ಮೂರು ವಾಯಿದೆಗೆ ಓಡಾಡುವ ಖರ್ಚಿನಲ್ಲಿ ಕೆಟ್ಟ ನೂಲಿನ ನಷ್ಟವೇ ಮುಳುಗಿಹೋಗುತ್ತದೆ.

ಇದನ್ನು ಸರಿಪಡಿಸುವ ದಾರಿ ಸಂಸತ್ತಿಗೆ ಗೊತ್ತಿಲ್ಲದ್ದೇನಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಗ್ರಾಹಕ ತಾನು ವಾಸಿಸುವ ಅಥವಾ ದುಡಿಯುವ ಊರಿನಲ್ಲೇ ದೂರು ಕೊಡಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಮಾಲು ಕೊಂಡವನನ್ನೂ ಆ ಕಾಯಿದೆ ಗ್ರಾಹಕನೆಂದೇ ಎಣಿಸುತ್ತದೆ. ಒಬ್ಬನೇ ಮಗ್ಗ ಹಾಕಿಕೊಂಡವನು ಈ ದಾರಿ ನೋಡಬಹುದು. 2006ರ ಸೂಕ್ಷ್ಮ, ಸಣ್ಣ ಉದ್ದಿಮೆಗಳ ಕಾಯಿದೆಯ 18ನೇ ಕಲಂ ಇನ್ನೂ ಧಾರಾಳಿ. ಸೀರೆ ಕೊಟ್ಟು ಬಾಕಿ ಬಾರದೆ ಕೂತವನು ಮೊದಲೇ ಉದ್ಯಮ್ ನೋಂದಣಿ ಮಾಡಿಸಿಕೊಂಡಿದ್ದರೆ, ಕೊಂಡವರು ದೇಶದ ಯಾವ ಮೂಲೆಯಲ್ಲಿದ್ದರೂ ತನ್ನ ರಾಜ್ಯದ ಮಂಡಳಿಯ ಮುಂದೆಯೇ ಹೋಗಬಹುದು. ಅಲ್ಲಿ ಷರತ್ತಿಗಿಂತ ಕಾಯಿದೆ ದೊಡ್ಡದು ಎಂದು ಸುಪ್ರೀಂ ಕೋರ್ಟು 2022ರಲ್ಲಿ ಮಹಾಕಾಳಿ ಫುಡ್ಸ್ ಪ್ರಕರಣದಲ್ಲಿ ಖಚಿತಪಡಿಸಿದೆ. ಮಾರುವವನಿಗೆ ಕೊಟ್ಟ ಈ ರಕ್ಷಣೆ, ಆಳುಗಳನ್ನಿಟ್ಟು ನಾಲ್ಕು ಮಗ್ಗ ನಡೆಸುತ್ತ ನೂಲು ಕೊಳ್ಳುವವನಿಗೆ ಸಿಕ್ಕಿಲ್ಲ. ಅವನು ಗ್ರಾಹಕನೂ ಅಲ್ಲ, ಬಾಕಿದಾರನನ್ನು ಹಿಡಿಯಲು ಹೊರಟ ಮಾರಾಟಗಾರನೂ ಅಲ್ಲ.

ಹೀಗೆ ನಡುವೆ ಸಿಕ್ಕಿಬಿದ್ದವರಿಗಾಗಿ 20ನೇ ಕಲಮಿಗೆ ಒಂದು ಪರಂತುಕ ಸೇರಿಸಬೇಕು: ಒಂದು ಕಡೆಯವರೇ ಅಚ್ಚು ಹಾಕಿಸಿದ, ಇನ್ನೊಂದು ಕಡೆಯವರು ಸಹಿ ಹಾಕದ ವ್ಯಾಪ್ತಿಯ ಷರತ್ತು ಸಣ್ಣ ಉದ್ದಿಮೆಗಳನ್ನು ಕಟ್ಟಿಹಾಕದು. ಅಲ್ಲಿಯ ತನಕ, ದೂರದ ಕಂಪನಿಯಿಂದ ಮಾಲು ತರಿಸುವವರು ಹಣ ಕಳಿಸುವ ಮೊದಲು ತಮ್ಮ ಊರಿನ ಹೆಸರನ್ನೂ ಆರ್ಡರಿನಲ್ಲಿ ಬರೆಸಿಕೊಳ್ಳಲಿ.