ಬಾರೋಲೊ: ಕೋಟೆ ಹೇಳುವ ಕಥೆ, ಇಳಿಜಾರು ಹೇಳುವ ಕಥೆ

ವಾಯವ್ಯ ಇಟಲಿಯ ಪಿಯೆಮಾಂಟೆ ಪ್ರಾಂತ್ಯದಲ್ಲಿ ಲಾಂಗೆ ಎಂಬ ಗುಡ್ಡಸೀಮೆಯಿದೆ. ಅದರ ನಡುವಿನ ಪುಟ್ಟ ಊರು ಬಾರೋಲೊ. ಜನಸಂಖ್ಯೆ ಸುಮಾರು 700. ಈ ಭಾಗದ ಹಳೆಯ ಊರುಗಳು ಸಾಮಾನ್ಯವಾಗಿ ಗುಡ್ಡದ ನೆತ್ತಿ ಹಿಡಿದು ಕುಳಿತಿರುತ್ತವೆ. ಬಾರೋಲೊ ಮಾತ್ರ ಎತ್ತರದ ಗುಡ್ಡಗಳ ನಡುವಿನ ತಗ್ಗು ದಿಬ್ಬದ ಮೇಲೆ, ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಎತ್ತರದಲ್ಲಿದೆ. ಅದರಿಂದಾಗಿ ಊರಿನ ಯಾವ ಮೂಲೆಯಲ್ಲಿ ನಿಂತರೂ ಕಣ್ಣು ಮೇಲಕ್ಕೇ ಹೋಗುತ್ತದೆ. ಸುತ್ತಲೂ ದ್ರಾಕ್ಷಿ ಸಾಲುಗಳ ಇಳಿಜಾರು ಆವರಿಸಿದೆ. ಊರಿನ ಹೆಸರನ್ನೇ ಹೊತ್ತ ಕೆಂಪು ವೈನ್ ಜಗತ್ತಿನ ದುಬಾರಿ ವೈನ್‌ಗಳಲ್ಲಿ ಒಂದು. ಬರುವವರಲ್ಲಿ ಹೆಚ್ಚಿನವರು ಅದಕ್ಕಾಗಿಯೇ ಬರುತ್ತಾರೆ, ಅರ್ಧ ದಿನದಲ್ಲಿ ಕೋಟೆ ನೋಡಿ, ಎರಡು ಮೂರು ಗ್ಲಾಸ್ ರುಚಿ ನೋಡಿ, ಬಾಟಲಿ ಕೊಂಡು ಹೊರಡುತ್ತಾರೆ. ಈ ಭೇಟಿಯ ಕ್ರಮ ಊರಿನ ಎಷ್ಟು ಭಾಗವನ್ನು ಕಾಣಿಸುತ್ತದೆ, ಎಷ್ಟನ್ನು ಬಿಡುತ್ತದೆ ಎಂಬುದು ಪರಿಶೀಲನೆಗೆ ತಕ್ಕ ವಿಷಯ.

ಇಲ್ಲಿ ಮೊದಲು ಓದಬೇಕಾದದ್ದು ಇಳಿಜಾರನ್ನು. ಬಾರೋಲೊ ವೈನ್ ತಯಾರಾಗುವುದು ನೆಬ್ಬಿಯೋಲೊ ಎಂಬ ಒಂದೇ ತಳಿಯ ದ್ರಾಕ್ಷಿಯಿಂದ. ಈ ಬಳ್ಳಿ ಬೇಗ ಚಿಗುರುತ್ತದೆ, ತಡವಾಗಿ ಹಣ್ಣಾಗುತ್ತದೆ. ವಸಂತದ ಹಿಮ, ಬೇಸಿಗೆಯ ಆಲಿಕಲ್ಲು, ಶರತ್ಕಾಲದ ಮಳೆ ಮೂರನ್ನೂ ದಾಟಿ ಬಂದ ಗೊಂಚಲು ಮಾತ್ರ ಪೀಪಾಯಿ ಸೇರುತ್ತದೆ. ವೈನ್‌ನ ಬಣ್ಣ ತೆಳು, ಒಗರು ಮತ್ತು ಹುಳಿ ಬಲು ಜೋರು. ಆ ಒಗರು ಹದಗೊಳ್ಳಲು ಕಾಲ ಬೇಕು. ಹೀಗಾಗಿ ಕನಿಷ್ಠ 38 ತಿಂಗಳು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ ಮಾಗಿಸಬೇಕೆಂಬ ಕಾನೂನಿದೆ. ರಿಸೆರ್ವಾ ಎಂಬ ಹೆಸರಿಗೆ 62 ತಿಂಗಳು. ತೋಟ 170 ಮೀಟರಿಗಿಂತ ಕೆಳಗೆ, 540 ಮೀಟರಿಗಿಂತ ಮೇಲೆ ಇರಕೂಡದು. ಬಯಲು, ಕಣಿವೆಯ ತಳ ಮತ್ತು ನೇರ ಉತ್ತರಕ್ಕೆ ಮುಖಮಾಡಿದ ಓರೆಗಳಿಗೆ ಈ ಹೆಸರಿನ ಹಕ್ಕಿಲ್ಲ. ಇಲ್ಲಿಯ ರೈತರು ದಕ್ಷಿಣಾಭಿಮುಖ ಓರೆಯನ್ನು ‘ಸೊರಿ’ ಎನ್ನುತ್ತಾರೆ. ಚಳಿಗಾಲದಲ್ಲಿ ಹಿಮ ಮೊದಲು ಕರಗುವ ಜಾಗ ಯಾವುದು ಎಂದು ನೋಡಿ ಬಳ್ಳಿ ನೆಡುವ ತಿಳಿವಳಿಕೆ ಅವರಲ್ಲಿ ಕಾನೂನಿಗಿಂತ ಎಷ್ಟೋ ಹಳೆಯದು.

ಊರಿನ ಈಶಾನ್ಯಕ್ಕೆ ಚಾಚಿದ ಕಾನುಬಿ ಎಂಬ ಉದ್ದನೆಯ ದಿಣ್ಣೆ ಈ ತಿಳಿವಳಿಕೆಯ ಒಳ್ಳೆಯ ನಿದರ್ಶನ. ಅದರ ಪಶ್ಚಿಮಕ್ಕಿರುವ ಲಾ ಮೊರ್ರಾ ಊರಿನ ಕಡೆಯ ಮಣ್ಣು ಭೂವಿಜ್ಞಾನದ ಲೆಕ್ಕದಲ್ಲಿ ಎಳೆಯದು, ಸುಣ್ಣ ಬೆರೆತ ನೀಲಿಬೂದು ಜೇಡಿ. ಪೂರ್ವದ ಸೆರಾಲುಂಗಾ ಊರಿನ ಕಡೆಯದು ಅದಕ್ಕಿಂತ ಹಳೆಯದು, ಗಟ್ಟಿ. ಮೊದಲನೆಯದರ ವೈನ್ ಪರಿಮಳದಲ್ಲಿ ಮುಂದು, ಬೇಗ ಹದಕ್ಕೆ ಬರುತ್ತದೆ. ಎರಡನೆಯದು ಬಿಗಿ, ನಿಧಾನ. ಈ ಎರಡೂ ಮಣ್ಣು ಕಾನುಬಿಯಲ್ಲಿ ಸಂಧಿಸುತ್ತವೆ. ಕಾನುಬಿ ಎಂಬ ಹೆಸರೂ 1752 ಎಂಬ ಇಸವಿಯೂ ಇರುವ ಒಂದು ಬಾಟಲಿ ಇಂದಿಗೂ ಉಳಿದಿದೆ. ‘ಬಾರೋಲೊ’ ಒಂದು ವೈನ್‌ನ ಹೆಸರಾಗುವ ಮೊದಲೇ ಈ ದಿಣ್ಣೆಯ ಹೆಸರು ಬಾಟಲಿ ಏರಿತ್ತು. ಆ ಹೆಸರಿನ ಬೆಲೆ ಎಷ್ಟೆಂದರೆ, ದಿಣ್ಣೆಯ ಅಂಚಿನ ತೋಟಗಳು ಅದನ್ನು ಬಳಸಬಹುದೇ ಎಂಬ ವ್ಯಾಜ್ಯ ಇಟಲಿಯ ಅತ್ಯುನ್ನತ ಆಡಳಿತ ನ್ಯಾಯಾಲಯದ ತನಕ ಹೋಗಿ 2013ರಲ್ಲಿ ಇತ್ಯರ್ಥವಾಯಿತು. ಬಾರೋಲೊ ವೈನ್ ಮಾಡಲು ಅನುಮತಿಯಿರುವ 11 ಗ್ರಾಮಗಳ ನೆಲವನ್ನು 2010ರಲ್ಲಿ ಒಟ್ಟು 181 ಹೆಸರುಗಳಲ್ಲಿ ಅಧಿಕೃತವಾಗಿ ಗುರುತಿಸಲಾಗಿದೆ. ನಕ್ಷೆಯೊಂದನ್ನು ಕೈಯಲ್ಲಿ ಹಿಡಿದು ನಡೆದರೆ ಈ ಹೆಸರುಗಳು ಕಣ್ಣಿಗೆ ಕಾಣುವ ಓರೆ, ತಿರುವು, ಕಣಿವೆಗಳಾಗುತ್ತವೆ.

ಆದರೆ ಪ್ರವಾಸಿ ಮೊದಲು ಕಾಲಿಡುವುದು ಕೋಟೆಗೆ. ಶತಮಾನಗಳ ಕಾಲ ಇದು ಫಲ್ಲೆತ್ತಿ ಮನೆತನದ ಸ್ವತ್ತಾಗಿತ್ತು. ಆ ಮನೆತನದ ಕೊನೆಯ ಒಡತಿ ಜೂಲಿಯಾ ಫ್ರಾನ್ಸಿನಲ್ಲಿ ಹುಟ್ಟಿದವಳು, ತಾಂಕ್ರೆದಿ ಫಲ್ಲೆತ್ತಿಯನ್ನು ಮದುವೆಯಾಗಿ ಇಲ್ಲಿಗೆ ಬಂದಳು. ಟೂರಿನ್ ನಗರದ ಹೆಂಗಸರ ಸೆರೆಮನೆಗಳ ಸುಧಾರಣೆಗೆ ದುಡಿದವಳು. ಆಸ್ಟ್ರಿಯನ್ನರ ಸೆರೆಯಿಂದ ಬಿಡುಗಡೆಯಾಗಿ ಬಂದ ಲೇಖಕ ಸಿಲ್ವಿಯೊ ಪೆಲ್ಲಿಕೊಗೆ ಗ್ರಂಥಪಾಲಕನ ಕೆಲಸ ಕೊಟ್ಟು ಆಶ್ರಯವಿತ್ತವಳು. 1864ರಲ್ಲಿ ಅವಳು ಮಕ್ಕಳಿಲ್ಲದೆ ತೀರಿಕೊಂಡಾಗ ಆಸ್ತಿ ಧರ್ಮಾರ್ಥ ಸಂಸ್ಥೆಯೊಂದಕ್ಕೆ ಸೇರಿತು. ಕೋಟೆಯಲ್ಲಿ ಬಹುಕಾಲ ಶಾಲೆ ನಡೆಯಿತು. 1970ರಲ್ಲಿ ಊರಿನ ಆಡಳಿತವೇ ಕೋಟೆಯನ್ನು ಕೊಂಡಿತು. ಇಷ್ಟು ಸಣ್ಣ ಊರು ಅರಮನೆಯೊಂದನ್ನು ಸಾರ್ವಜನಿಕ ಸ್ವತ್ತಾಗಿ ಉಳಿಸಿಕೊಂಡದ್ದು ನಿಜಕ್ಕೂ ಮೆಚ್ಚತಕ್ಕ ಕೆಲಸ.

ಕೋಟೆಯೊಳಗೆ 2010ರಲ್ಲಿ ವೈನ್ ಮ್ಯೂಸಿಯಂ ತೆರೆಯಿತು. ಅದರ ವಿನ್ಯಾಸ ಫ್ರಾಂಸುವಾ ಕಾನ್ಫಿನೊ ಅವರದು; ಟೂರಿನ್‌ನ ಸಿನಿಮಾ ಮ್ಯೂಸಿಯಂ ಒಳಾಂಗಣವನ್ನು ರೂಪಿಸಿದವರೂ ಅವರೇ. ನೋಡುಗರು ಮೇಲಿನ ಅಂತಸ್ತಿನಿಂದ ಆರಂಭಿಸಿ ಕೆಳಕ್ಕೆ ಇಳಿಯುತ್ತಾರೆ. ಮೇಲೆ ಸೂರ್ಯ, ಚಂದ್ರ, ಋತುಗಳು; ಅದರ ಕೆಳಗೆ ಇತಿಹಾಸ, ಅಡುಗೆ, ಸಂಗೀತ, ಸಿನಿಮಾಗಳಲ್ಲಿ ವೈನ್; ಮತ್ತೂ ಕೆಳಗೆ ಫಲ್ಲೆತ್ತಿಗಳ ಹಳೆಯ ಕೋಣೆಗಳು. ಹಾದಿ ಮುಗಿಯುವುದು ನೆಲಮಾಳಿಗೆಯ ರುಚಿ ಮಳಿಗೆಯಲ್ಲಿ. ಆಕಾಶದಿಂದ ನೆಲದೊಳಗಿನ ಪೀಪಾಯಿಯ ತನಕ ಇಳಿಸುವ ಈ ಕ್ರಮದಲ್ಲಿ ಕಲ್ಪನೆಯಿದೆ. ಬೆಳಕು, ಶಬ್ದ, ನೆರಳಿನಾಟಗಳನ್ನು ಬಲ್ಲ ಕೈ ಕೆಲಸ ಮಾಡಿದೆ. ಮಕ್ಕಳಿಗೂ ಬೇಸರವಾಗದು, ವೈನ್ ಕುಡಿಯದವರಿಗೂ ಪರಕೀಯ ಎನಿಸದು.

ಕೊರತೆಯೂ ಈ ರಂಗಸಜ್ಜಿಕೆಯಲ್ಲಿಯೇ ಇದೆ. ಸೂರ್ಯ, ಚಂದ್ರ, ಪುರಾಣ, ಸಿನಿಮಾಗಳನ್ನು ಯಾವ ವೈನ್ ಸೀಮೆಯ ಮ್ಯೂಸಿಯಂನಲ್ಲಿ ಇಟ್ಟರೂ ಸಲ್ಲುತ್ತದೆ. ಕಿಟಕಿಯಾಚೆ ಕಾಣುವ ಕಾನುಬಿಯ ಮಣ್ಣಿಗೆ, ಅದನ್ನು ಅಗೆದವರ ಬದುಕಿಗೆ ಅಂಥ ಒತ್ತು ಸಿಕ್ಕಿಲ್ಲ. ಕಥೆಯ ಮುಖ್ಯಪಾತ್ರಗಳು ಮಾರ್ಕ್ವಿಸ್ ದಂಪತಿಯಾದ ತಾಂಕ್ರೆದಿ ಮತ್ತು ಜೂಲಿಯಾ, ರಾಜ ಕಾರ್ಲೊ ಅಲ್ಬೆರ್ತೊ, ರಾಜನೀತಿಜ್ಞ ಕಾವೂರ್. ರಾಜ ವೈನ್ ಕೇಳಿದನಂತೆ, ಜೂಲಿಯಾ 325 ಪೀಪಾಯಿಗಳನ್ನು ಗಾಡಿಗಳಲ್ಲಿ ಕಳುಹಿಸಿದಳಂತೆ: ವರ್ಷದ ದಿನಗಳಲ್ಲಿ ಕ್ರೈಸ್ತರ ಉಪವಾಸದ 40 ದಿನ ಕಳೆದು ದಿನಕ್ಕೊಂದು. ಈ ಐತಿಹ್ಯ ಊರಿನಲ್ಲಿ ಎಲ್ಲರ ಬಾಯಲ್ಲೂ ಇದೆ. ಅರೆಸಿಹಿಯಾಗಿದ್ದ ನೆಬ್ಬಿಯೋಲೊ ವೈನನ್ನು ಸಿಹಿಯಿಲ್ಲದ ‘ಡ್ರೈ’ ವೈನ್ ಆಗಿ ಬದಲಿಸಿದ್ದು ಫ್ರೆಂಚ್ ವ್ಯಾಪಾರಿ ಲೂಯಿ ಊದಾರ್ ಎಂಬುದು ಬಹುಕಾಲದ ನಂಬಿಕೆ. ಇತ್ತೀಚಿನ ಸಂಶೋಧಕರು ಕಾವೂರನ ಗ್ರಿಂಜಾನೆ ತೋಟದ ವೈನ್ ನೋಡಿಕೊಳ್ಳುತ್ತಿದ್ದ ಪಾವ್ಲೊ ಫ್ರಾಂಚೆಸ್ಕೊ ಸ್ಟಾಲಿಯೆನೊ ಎಂಬ ಸೇನಾಧಿಕಾರಿಗೆ ಆ ಶ್ರೇಯದ ದೊಡ್ಡ ಪಾಲು ಕೊಡುತ್ತಾರೆ. ಈ ಚರ್ಚೆ ಯಾವ ಕಡೆಗೆ ಮುಗಿದರೂ ಕಥೆ ಒಡೆಯರದೇ ಆಗಿ ಉಳಿಯುತ್ತದೆ.

ಲಾಂಗೆಯ ಇನ್ನೊಂದು ಕಥೆ ಬಡತನದ್ದು. ಪಕ್ಕದ ಆಲ್ಬಾ ಪಟ್ಟಣದ ಬೆಪ್ಪೆ ಫೆನೋಲಿಯೊ 1954ರಲ್ಲಿ ಪ್ರಕಟಿಸಿದ ‘ಲಾ ಮಲೋರಾ’ ಕಿರುಕಾದಂಬರಿಯಲ್ಲಿ, ಮನೆಯ ಸಾಲ ತೀರದೆ ಹುಡುಗನೊಬ್ಬನನ್ನು ಗೇಣಿದಾರನ ಮನೆಗೆ ಆಳಾಗಿ ಬಿಡುತ್ತಾರೆ. ಆ ಕಥೆ ನಡೆಯುವುದು ಬಾರೋಲೊಗಿಂತ ಎತ್ತರದ, ಇನ್ನೂ ಒರಟಾದ ಆಲ್ತಾ ಲಾಂಗಾದಲ್ಲಿ ನಿಜ. ಆದರೆ ಆ ಹಸಿವು ಎಲ್ಲ ಗುಡ್ಡಗಳಿಗೂ ಗೊತ್ತಿತ್ತು. ಲೇಖಕ ನೂತೊ ರೆವೆಲ್ಲಿ, ಬಾರೋಲೊ ಸೇರಿರುವ ಕೂನಿಯೊ ಜಿಲ್ಲೆಯ ಹಳ್ಳಿ ಹಳ್ಳಿ ತಿರುಗಿ ರೈತರ ಮಾತುಗಳನ್ನು ಧ್ವನಿಮುದ್ರಿಸಿಕೊಂಡು 1977ರಲ್ಲಿ ‘ಸೋತವರ ಲೋಕ’ ಎಂಬರ್ಥದ ಪುಸ್ತಕ ತಂದರು. 1985ರಲ್ಲಿ ಹೆಂಗಸರ ಮಾತುಗಳ ಮತ್ತೊಂದು ಪುಸ್ತಕ. ಎರಡನೆಯದರಲ್ಲಿ ಬರುವ ಒಂದು ಸಂಗತಿ ಮನಸ್ಸನ್ನು ಬಿಡದು. ಎರಡನೇ ಮಹಾಯುದ್ಧದ ನಂತರ ಲಾಂಗೆಯ ಹುಡುಗಿಯರು ಕಾರ್ಖಾನೆಯ ಊರುಗಳಿಗೆ ಹೋದರು, ಗುಡ್ಡದ ರೈತನಿಗೆ ಹೆಣ್ಣು ಕೊಡುವವರಿರಲಿಲ್ಲ. ಮದುವೆ ದಲ್ಲಾಳಿಗಳ ಮೂಲಕ ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯಾದಂಥ ಬಡ ಸೀಮೆಗಳಿಂದ ಹೆಣ್ಣುಗಳು ಬಂದರು. ಭಾಷೆ ತಿಳಿಯದ, ಮಂಜು ಕವಿದ ಊರುಗಳಲ್ಲಿ ಸಂಸಾರ ಹೂಡಿದರು. ಗುಡ್ಡಗಳು ಪೂರಾ ಬರಿದಾಗದಿರಲು ಆಲ್ಬಾದಲ್ಲಿ 1946ರಲ್ಲಿ ಶುರುವಾದ ಫೆರೆರೊ ಚಾಕಲೇಟ್ ಕಾರ್ಖಾನೆಯೂ ಒಂದು ಕಾರಣ. ಅದು ಹಳ್ಳಿಗಳಿಗೆ ಬಸ್ ಕಳುಹಿಸಿ ಕೆಲಸಗಾರರನ್ನು ಕರೆತರುತ್ತಿತ್ತು. ಪಾಳಿ ಮುಗಿಸಿ ಬಂದವರು ಸಂಜೆ ಬಳ್ಳಿ ಕಟ್ಟುತ್ತಿದ್ದರು.

1986ರಲ್ಲಿ ದೊಡ್ಡ ಪೆಟ್ಟು ಬಿತ್ತು. ಇದೇ ಜಿಲ್ಲೆಯ ನಾರ್ಜೋಲೆಯಿಂದ ಹೊರಟ ಅಗ್ಗದ ವೈನ್‌ಗೆ ಮೆಥನಾಲ್ ಬೆರೆಸಿದ್ದರಿಂದ ಇಟಲಿಯಲ್ಲಿ 20ಕ್ಕೂ ಹೆಚ್ಚು ಜನ ಸತ್ತರು, ಹಲವರು ಕುರುಡರಾದರು. ಇಡೀ ದೇಶದ ವೈನ್ ರಫ್ತು ಕುಸಿಯಿತು. ಅಳತೆಗಿಂತ ಗುಣ ಮುಖ್ಯ ಎಂಬ ಮಾತು ಆ ಬಳಿಕ ಬಲ ಪಡೆಯಿತು. ಮುಂದೆ ಸ್ಲೋ ಫುಡ್ ಆಗಿ ಬೆಳೆದ ಚಳವಳಿಯ ಆರಂಭದ ಸಂಘಟನೆಯನ್ನು ಪಕ್ಕದ ಬ್ರಾ ಪಟ್ಟಣದ ಕಾರ್ಲೊ ಪೆತ್ರಿನಿ ಮತ್ತು ಗೆಳೆಯರು ಕಟ್ಟಿದ್ದೂ ಅದೇ ವರ್ಷ. ಇಂದಿನ ಬಾರೋಲೊದ ಸಿರಿ ಈ ಹಸಿವು, ಈ ಆಘಾತಗಳ ಮೇಲೆ ಎದ್ದದ್ದು. ಇದನ್ನು ಬಿಟ್ಟು ಹೇಳಿದ ಚರಿತ್ರೆ ಅರ್ಧ ಮಾತ್ರ. ರೆವೆಲ್ಲಿ ಹೆಸರಿನ ಪ್ರತಿಷ್ಠಾನ ಕೂನಿಯೊದಲ್ಲಿಯೇ ಇದೆ. ಆ ದನಿಗಳು ಬಾರೋಲೊದ ಕೋಟೆಯ ಒಂದು ಕೋಣೆಯಲ್ಲಾದರೂ ಕೇಳಬೇಕಿತ್ತು.

ಕೋಟೆಯಿಂದ ಕೆಳಗಿಳಿದರೆ ವಿಯಾ ರೋಮಾ ಎಂಬ ಬೀದಿ. ಇಲ್ಲಿಯೇ ಬಾರ್ತೊಲೊ ಮಸ್ಕರೆಲ್ಲೊ ವೈನ್ ಮನೆಯಿದೆ. 1980, 90ರ ದಶಕಗಳಲ್ಲಿ ಈ ಸೀಮೆಯನ್ನು ಎರಡಾಗಿಸಿದ ವಾದದಲ್ಲಿ ಸಂಪ್ರದಾಯದ ಪರ ನಿಂತವರು ಮಸ್ಕರೆಲ್ಲೊ. ಹಳೆಯ ಕ್ರಮದಲ್ಲಿ ಸಿಪ್ಪೆಯೊಂದಿಗೆ ವಾರಗಟ್ಟಲೆ ನೆನೆಸಿದ ರಸ ದೊಡ್ಡ ಓಕ್ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಮಾಗುತ್ತಿತ್ತು. ಲಾ ಮೊರ್ರಾದ ಎಲಿಯೊ ಆಲ್ತಾರೆ ಮತ್ತು ಅವರ ವಾರಗೆಯವರು ಫ್ರಾನ್ಸಿನ ಬರ್ಗಂಡಿಯನ್ನು ನೋಡಿ ಬಂದು, 225 ಲೀಟರಿನ ಹೊಸ ಪುಟ್ಟ ಪೀಪಾಯಿ, ಕಡಿಮೆ ದಿನ ನೆನೆಸುವಿಕೆ, ಕಡಿಮೆ ಇಳುವರಿಯ ದಾರಿ ಹಿಡಿದರು. ಆಲ್ತಾರೆ ತಂದೆಯ ಹಳೆಯ ಪೀಪಾಯಿಗಳನ್ನು ಯಂತ್ರದ ಗರಗಸದಿಂದ ಕೊಯ್ದರು. ತಂದೆ ಮಗನನ್ನು ಆಸ್ತಿಯಿಂದ ಹೊರಗಿಟ್ಟರು. ಮಸ್ಕರೆಲ್ಲೊ ತಮ್ಮ ಲೇಬಲ್‌ಗಳನ್ನು ತಾವೇ ಬರೆದು, ಪುಟ್ಟ ಪೀಪಾಯಿಯನ್ನೂ ರಾಜಕಾರಣಿ ಬೆರ್ಲುಸ್ಕೋನಿಯನ್ನೂ ಒಟ್ಟಿಗೆ ಬೇಡವೆಂದರು. ಅವರು 2005ರಲ್ಲಿ ತೀರಿಕೊಂಡರು. ಇಂದು ಹೆಚ್ಚಿನವರು ದೊಡ್ಡ ಪೀಪಾಯಿಗೆ ಮರಳಿದ್ದಾರೆ, ಆದರೆ ನೆಲಮಾಳಿಗೆಯ ಶುಚಿತ್ವ ಮತ್ತು ಗೊಂಚಲು ಆರಿಸುವ ಶಿಸ್ತು ಹೊಸಬರ ಕೊಡುಗೆ. ರುಚಿಯ ಹಿಂದೆ ಇಂಥ ತಂದೆಮಕ್ಕಳ ಜಗಳ, ರಾಜಕೀಯ, ಹಟ ಇವೆ ಎಂಬುದು ಗ್ಲಾಸ್ ಹಿಡಿದು ಬಣ್ಣ, ಪರಿಮಳಗಳ ಪಟ್ಟಿ ಕೇಳುವಾಗ ತಿಳಿಯುವುದಿಲ್ಲ. ಮಾಲೀಕರೇ ಎದುರು ಕುಳಿತು ಮಾತಾಡುವ ಸಣ್ಣ ವೈನ್ ಮನೆ, ಮೊದಲೇ ಕೇಳಿಕೊಂಡು ಹೋಗಬೇಕಾದರೂ, ದೊಡ್ಡ ರುಚಿ ಸಭಾಂಗಣಕ್ಕಿಂತ ಎಷ್ಟೋ ಮೇಲು.

2014ರಲ್ಲಿ ಲಾಂಗೆ, ರೊಯೆರೊ, ಮೊನ್‌ಫೆರಾತೊಗಳ ದ್ರಾಕ್ಷಿ ಭೂದೃಶ್ಯ ಯುನೆಸ್ಕೊ ಪಟ್ಟಿ ಸೇರಿತು. ಗುಡ್ಡಗಳಿಗೆ ಕಟ್ಟಡಗಳಿಂದ ಒಂದಷ್ಟು ರಕ್ಷಣೆ ಸಿಕ್ಕಿತು, ಜನಸಂದಣಿಯೂ ಬಂತು. ಒಳ್ಳೆಯ ಓರೆಯ ತೋಟ ಹೆಕ್ಟೇರಿಗೆ ಹತ್ತು ಲಕ್ಷ ಯೂರೋ ದಾಟಿದೆ. ಹೊಸದಾಗಿ ಬೇಸಾಯ ಹೂಡುವ ತರುಣರಿಗೆ ಇದು ಕೈಗೆಟುಕದ ಬೆಲೆ. ಇಳಿಜಾರಿನಲ್ಲಿ ಸವರುವುದು, ಚಿಗುರು ಕಟ್ಟುವುದು, ಕೊಯ್ಲು ಮಾಡುವುದು ಬಹುಮಟ್ಟಿಗೆ ಕೈಕೆಲಸ. ಅದನ್ನು ಮಾಡುವವರಲ್ಲಿ ಉತ್ತರ ಮ್ಯಾಸಿಡೋನಿಯಾ, ರೊಮೇನಿಯಾ, ಆಫ್ರಿಕಾಗಳಿಂದ ಬಂದವರು ಬಹಳ. ಲಾಂಗೆಯ ತೋಟಗಳಲ್ಲಿ ದಲ್ಲಾಳಿಗಳು ವಲಸೆ ಕೂಲಿಗಳನ್ನು ಶೋಷಿಸಿದ ಪ್ರಕರಣ 2024ರಲ್ಲಿ ಪೊಲೀಸ್ ತನಿಖೆಗೆ ಬಂತು. ದೃಶ್ಯಕ್ಕೆ ವಿಶ್ವಮಾನ್ಯತೆ ಸಿಕ್ಕ ಮೇಲೆ ಅದನ್ನು ಕಾಪಾಡುವ ಕೈಗಳಿಗೆ ನ್ಯಾಯದ ಕೂಲಿ, ಮಲಗಲು ಜಾಗ ಸಿಗದಿರುವುದು ಈ ಸೀಮೆಯ ಅತಿ ದೊಡ್ಡ ಲೋಪ.

ಬಾರೋಲೊದಲ್ಲಿ ರೈಲು ನಿಲ್ದಾಣವಿಲ್ಲ. ಟೂರಿನ್‌ನಿಂದ ಆಲ್ಬಾ ಅಥವಾ ಬ್ರಾ ತನಕ ರೈಲು, ಅಲ್ಲಿಂದ ಮುಂದೆ ಬಸ್ ವಿರಳ. ಹೀಗಾಗಿ ಕಾರೇ ಗತಿ ಎನ್ನುವಂತಾಗಿದೆ. ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಮದ್ಯವೆಂಬ ಕಾನೂನಿನ ಮಿತಿಯಿರುವ ದೇಶದಲ್ಲಿ, ಒಂದೇ ದಿನ ನಾಲ್ಕು ವೈನ್ ಮನೆಗಳನ್ನು ಕಾರಿನಲ್ಲಿ ಸುತ್ತುವ ರೂಢಿ ಅಪಾಯಕಾರಿ. ನಡಿಗೆಯೇ ಉತ್ತಮ. ಬಾರೋಲೊದಿಂದ 513 ಮೀಟರ್ ಎತ್ತರದ ಲಾ ಮೊರ್ರಾಗೆ ತೋಟಗಳ ನಡುವೆ ಕಾಲುದಾರಿಯಿದೆ. ಏರು ಸ್ವಲ್ಪ ಕಷ್ಟ. ಮೇಲೆ ನಿಂತರೆ ಆಕಾಶ ತಿಳಿಯಾಗಿದ್ದ ದಿನ ಆಲ್ಪ್ಸ್ ಸಾಲು ಕಾಣುತ್ತದೆ. ಈ ಎರಡು ಊರುಗಳ ನಡುವಿನ ಬ್ರುನಾತೆ ತೋಟದಲ್ಲಿ ಒಂದು ಪುಟ್ಟ ಪ್ರಾರ್ಥನಾಲಯವಿದೆ. 1914ರಲ್ಲಿ ಕಟ್ಟಿದ ಇದರಲ್ಲಿ ಪೂಜೆ ನಡೆದದ್ದಿಲ್ಲ. ಮಳೆ, ಆಲಿಕಲ್ಲು ಬಂದಾಗ ತೋಟದ ಆಳುಗಳು ಇಲ್ಲಿ ಆಶ್ರಯ ಪಡೆಯುತ್ತಿದ್ದರು. 1999ರಲ್ಲಿ ಹೊರಗೋಡೆಗಳಿಗೆ ಕಲಾವಿದ ಸೋಲ್ ಲೆವಿಟ್, ಒಳಗೋಡೆಗಳಿಗೆ ಕಲಾವಿದ ಡೇವಿಡ್ ಟ್ರೆಮ್‌ಲೆಟ್ ಬಣ್ಣ ಹಾಕಿದರು. ಹೊರಗಿನ ಉಜ್ವಲ ಪಟ್ಟೆಗಳ ಮುಂದೆ ಫೋಟೊಗೆ ಜನ ನಿಲ್ಲುತ್ತಾರೆ. ಕಲಾಕೃತಿಯಾಗಿ ಅದು ಗೆದ್ದಿದೆ; ಕೂಲಿಗಳ ಆಸರೆಯ ಮನೆ ಎಂಬ ಮೊದಲ ಗುರುತೂ ನೋಡುಗರಿಗೆ ತಿಳಿದಿದ್ದರೆ ಅದರ ಬೆಲೆ ಇಮ್ಮಡಿಯಾಗುತ್ತದೆ.

ಭೇಟಿಗೆ ಹೆಚ್ಚಿನವರು ಆರಿಸುವುದು ಕೊಯ್ಲು ಮತ್ತು ಆಲ್ಬಾದ ಬಿಳಿ ಟ್ರಫಲ್ ಅಣಬೆ ಜಾತ್ರೆಯ ಶರತ್ಕಾಲ. ಎಲೆಗಳ ಬಣ್ಣ ಆಗ ಅದ್ಭುತ, ಆದರೆ ಕೋಣೆಗಳ ಬಾಡಿಗೆ ಏರಿರುತ್ತದೆ, ವೈನ್ ಮನೆಯವರಿಗೆ ಮಾತಾಡಲು ಪುರುಸೊತ್ತಿರುವುದಿಲ್ಲ. ಸಾಲು ಸವರುವ ಚಳಿಗಾಲದ ಕೊನೆಯಲ್ಲಿ ಮ್ಯೂಸಿಯಂ, ಹೋಟೆಲುಗಳಲ್ಲಿ ಕೆಲವು ಮುಚ್ಚಿರಬಹುದು. ಆದರೆ ಎಲೆ ಉದುರಿದ ಆ ದಿನಗಳಲ್ಲಿ ಗುಡ್ಡದ ಮೈಕಟ್ಟು ಪೂರ್ತಿ ತೆರೆದಿರುತ್ತದೆ. ಹಿಮ ಕರಗಿದ ಓರೆ ಯಾವುದು, ಉಳಿದ ಓರೆ ಯಾವುದು ಎಂಬುದು ಬರಿಗಣ್ಣಿಗೇ ಕಾಣುತ್ತದೆ. ಬಳ್ಳಿಯ ಯಾವ ಕಣ್ಣು ಉಳಿಸಬೇಕು, ಯಾವುದನ್ನು ತೆಗೆಯಬೇಕು ಎಂದು ಕತ್ತರಿ ಹಿಡಿದು ನಿರ್ಧರಿಸುವ ಕೆಲಸಗಾರರನ್ನು ಸಾಲಿನ ಬದಿಯಲ್ಲಿ ನಿಂತು ನೋಡಬಹುದು. ನೆಲವನ್ನೂ ದುಡಿಮೆಯನ್ನೂ ತಿಳಿಯಲು ಬರುವವರಿಗೆ ಜನವರಿ ಕೊನೆಯಿಂದ ಮಾರ್ಚ್ ತನಕದ ಅವಧಿಯೇ ಹೆಚ್ಚು ಫಲ ಕೊಡುತ್ತದೆ.