ಮೊದಲ ಕಾರಿಗೆ ಹುರುಪಿರಲಿ, ಬ್ರೇಕೂ ಇರಲಿ

ಕಳೆದ ವಾರ ಹುನಗುಂದದಿಂದ ಅಪ್ಪ, ಮಗ ಇಬ್ಬರೂ ಕೂಡಿ ಮಗನ ಮೊದಲ ಕಾರಿಗೆ ಯಾವ ಹಳೆಯ ಗಾಡಿ ಕೊಳ್ಳಬೇಕೆಂದು ಕೇಳಲು ಬಂದಿದ್ದರು. ಮಗ ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಮುಗಿಸಿ, ಇಳಕಲ್ಲಿನ ಗ್ರಾನೈಟ್ ಘಟಕವೊಂದರಲ್ಲಿ ಕೆಲಸಕ್ಕೆ ಸೇರಿದ ಹುಡುಗ. “3 ಲಕ್ಷ ಐತ್ರಿ ಸರ್. ಗಾಡಿಗೆ ಪಿಕಪ್ ಇರಬೇಕು, ನೋಡಾಕೂ ಚಂದ ಇರಬೇಕು” ಎಂದ. “ಪಿಕಪ್ ಆಮ್ಯಾಲ. ಹುಡುಗ ದಿನಾ ನೆಟ್ಟಗ ಮನಿಗೆ ಬಂದ್ರ ಸಾಕ್ರೀ” ಎಂದರು ಅಪ್ಪ. ಒಬ್ಬರ ಆಸೆಗೆ ಇನ್ನೊಬ್ಬರು ಅಡ್ಡ ಬರುತ್ತಿದ್ದಾರೆ ಎಂದು ಇಬ್ಬರೂ ತಿಳಿದಂತಿತ್ತು. ನನಗೆ ಹಾಗೆ ಅನಿಸಲಿಲ್ಲ. ಹಗುರ ಮೈ, ಹೇಳಿದಂತೆ ಕೇಳುವ ಸ್ಟೇರಿಂಗು, ಹೊಸ ಟೈರು, ಗಟ್ಟಿ ಬ್ರೇಕು: ಗಾಡಿ ಓಡಿಸುವ ಸುಖ ಇರುವುದು ಇವುಗಳಲ್ಲೇ. ಜೀವ ಉಳಿಸುವುದೂ ಇವೇ.

ನಮ್ಮ ಕಡೆ ಹುಡುಗರು ಮೊದಲು ಕೇಳುವುದು ಎಷ್ಟು ಅಶ್ವಶಕ್ತಿ ಎಂದು. ನಾನು ಮೊದಲು ಕೇಳುವುದು ಎಷ್ಟು ತೂಕ ಎಂದು. 2011ರಿಂದ 2018ರ ಆರಂಭದವರೆಗೆ ಬಂದ ಎರಡನೇ ತಲೆಮಾರಿನ ಮಾರುತಿ ಸ್ವಿಫ್ಟ್ ಪೆಟ್ರೋಲನ್ನೇ ನೋಡಿ. 1197 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್, ಸುಮಾರು 85 ಅಶ್ವಶಕ್ತಿ. ಕಾಗದದ ಮೇಲೆ ಇದು ದೊಡ್ಡ ಲೆಕ್ಕವಲ್ಲ. ಆದರೆ ಗಾಡಿಯ ತೂಕ ಒಂದು ಟನ್ನಿಗಿಂತ ಕಡಿಮೆ. ಬಾದಾಮಿಯಿಂದ ಮಹಾಕೂಟದ ಕಡೆ ಕಲ್ಲುಗುಡ್ಡಗಳ ನಡುವೆ ಮೂರನೇ ಗೇರಿನಲ್ಲಿ ಹೋಗುವಾಗ ಅದರ ಮೂತಿ ತಿರುವಿನೊಳಕ್ಕೆ ಎಷ್ಟು ಸಲೀಸಾಗಿ ಹೊರಳುತ್ತದೆ ಎಂಬುದನ್ನು ಒಮ್ಮೆ ಅನುಭವಿಸಿದವರು ಮರೆಯುವುದಿಲ್ಲ. ಅದಕ್ಕೆ ವೇಗವೂ ಬೇಕಿಲ್ಲ, ಐವತ್ತರಲ್ಲೇ ಆ ಸುಖ ಸಿಗುತ್ತದೆ. ಕೆಟ್ಟರೆ ಇಳಕಲ್ಲಿನಲ್ಲೂ ಬಾದಾಮಿಯಲ್ಲೂ ರಿಪೇರಿ ಬಲ್ಲ ಮೆಕ್ಯಾನಿಕ್ ಇದ್ದಾನೆ, ಬಿಡಿಭಾಗವೂ ಸಿಗುತ್ತದೆ.

ಹೊಂಡಾ ಬ್ರಿಯೋ ಇನ್ನೊಂದು ಮುತ್ತು. 2011ರಲ್ಲಿ ಬಂತು, ಈಗ ನಮ್ಮ ದೇಶದಲ್ಲಿ ತಯಾರಾಗುವುದಿಲ್ಲ. 1198 ಸಿಸಿಯಲ್ಲಿ 88 ಅಶ್ವಶಕ್ತಿ, ಸ್ವಿಫ್ಟಿಗಿಂತಲೂ ಪುಟ್ಟ ಮೈ. ಎಂಜಿನ್ ಮೇಲಕ್ಕೆ ಏರಿದಷ್ಟೂ ಅದರ ದನಿ ಇಂಪಾಗುತ್ತದೆ. ಹಿಂದೆ ಸಾಮಾನಿಗೆ ಜಾಗ ಕಡಿಮೆ. ಊರಿಗೆ ಜೋಳದ ಚೀಲ ಒಯ್ಯುವ ಮನೆಯವರಿಗೆ ಇದು ಒಗ್ಗುವುದಿಲ್ಲ.

ಫೋಕ್ಸ್‌ವ್ಯಾಗನ್ ಪೋಲೋ ಹೆಸರು ಕೇಳಿದರೆ ಹುಡುಗರ ಕಣ್ಣು ಅರಳುತ್ತದೆ. 2010ರಿಂದ 2022ರವರೆಗೆ ಇಲ್ಲಿ ಮಾರಾಟವಾದ ಈ ಗಾಡಿಯ ಬಾಗಿಲು ಹಾಕಿದಾಗ ಬರುವ ಸದ್ದೇ ಬೇರೆ. ಆದರೆ ಪೋಲೋಗಳೆಲ್ಲ ಒಂದೇ ಅಲ್ಲ. ಮೂರು ಸಿಲಿಂಡರಿನ ಸಾದಾ 1.2 ಪೆಟ್ರೋಲಿಗೆ 75 ಅಶ್ವಶಕ್ತಿ ಮಾತ್ರ, ಅದು ನಿಧಾನದ ಗಾಡಿ. 2013ರಲ್ಲಿ ಬಂದ 105 ಅಶ್ವಶಕ್ತಿಯ ಟರ್ಬೊ ಜಿಟಿಯ ಓಟ ನಿಜಕ್ಕೂ ಸೊಗಸು. ಆದರೆ ಅದರ ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೈಕೊಟ್ಟರೆ ಆಗುವ ಖರ್ಚು ಮೊದಲ ಕಾರಿನವನ ಹೆಗಲಿಗೆ ಭಾರ. ರಿಪೇರಿಗೆಂದು ಬೇರೆಯಾಗಿ ದುಡ್ಡು ಎತ್ತಿಟ್ಟವರು ಮಾತ್ರ ಆ ಕಡೆ ಹೋಗಲಿ.

ಇಲ್ಲೇ ಅಪ್ಪನ ಮಾತಿಗೆ ಬರುತ್ತೇನೆ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಏರ್‌ಬ್ಯಾಗ್ ಇಲ್ಲದ ಪೋಲೋವನ್ನು ಗುದ್ದಿಸಿ ನೋಡಿ ಸೊನ್ನೆ ಸ್ಟಾರ್ ಕೊಟ್ಟಿತು. ಎರಡು ಏರ್‌ಬ್ಯಾಗ್ ಇದ್ದ ಅದೇ ಗಾಡಿಗೆ ನಾಲ್ಕು ಸ್ಟಾರ್ ಸಿಕ್ಕಿತು. ಕಂಪನಿ ಆಮೇಲೆ ಎಲ್ಲ ಪೋಲೋಗಳಿಗೂ ಏರ್‌ಬ್ಯಾಗ್ ಹಾಕಿತು. ಅದೇ ವರ್ಷ ಏರ್‌ಬ್ಯಾಗ್ ಇಲ್ಲದ ಸ್ವಿಫ್ಟಿಗೂ ಸೊನ್ನೆಯೇ ಬಂತು. ನಮ್ಮ ದೇಶದಲ್ಲಿ ಹೊಸ ಕಾರಿಗೆ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈನಲ್ಲಿ. ಅದಕ್ಕಿಂತ ಹಳೆಯ ಗಾಡಿ ಕೊಳ್ಳುವವರು ಮಾಡೆಲ್ ಹೆಸರಿನ ಮುಂದಿನ ಅಕ್ಷರಗಳನ್ನು ಓದಲೇಬೇಕು. ಸ್ವಿಫ್ಟಿನಲ್ಲಿ ಝಡ್‌ಎಕ್ಸ್‌ಐ ಎಂದಿದ್ದರೆ ಎರಡು ಏರ್‌ಬ್ಯಾಗೂ, ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ಎಬಿಎಸ್ಸೂ ಇರುತ್ತವೆ. ಕಬ್ಬಿನ ಹಂಗಾಮಿನ ರಾತ್ರಿ, ಹಿಂದಿನ ದೀಪವೇ ಇಲ್ಲದ ಡಬಲ್ ಟ್ರೇಲರ್ ಕಣ್ಣೆದುರು ದಿಢೀರನೆ ಮೂಡಿದಾಗ ಎಬಿಎಸ್ಸಿನ ಬೆಲೆ ತಿಳಿಯುತ್ತದೆ.

ಗಾಡಿ ನೋಡಲು ಬೆಳಿಗ್ಗೆಯೇ ಹೋಗಿ. ಮಾರುವವರಿಗೆ “ನಾವು ಬರೂತನಕ ಚಾಲೂ ಮಾಡಬ್ಯಾಡ್ರಿ” ಎಂದು ಮೊದಲೇ ಹೇಳಿ. ಬಾನೆಟ್ ಮೇಲೆ ಕೈಯಿಟ್ಟಾಗ ತಣ್ಣಗಿರಬೇಕು. ತಣ್ಣನೆಯ ಎಂಜಿನ್ ಚಾಲೂ ಆದಾಗ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದರ್ಥ. ಚಾಲೂ ಮಾಡುವ ಮೊದಲೇ ರೇಡಿಯೇಟರಿನ ಮುಚ್ಚಳ ತೆಗೆದು ನೋಡಿ. ನಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಕೂಲೆಂಟ್ ಬದಲು ಬೋರಿನ ಗಡಸು ನೀರು ಸುರಿಯುವ ರೂಢಿ ಇನ್ನೂ ಹೋಗಿಲ್ಲ. ಒಳಗೆ ತುಕ್ಕಿನ ಬಣ್ಣದ ನೀರು ಕಂಡರೆ ಆ ಗಾಡಿ ಬಿಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 3218 ಎಂದಿದ್ದರೆ ಅದು 2018ರ 32ನೇ ವಾರದ ಟೈರು. ಮೇಲಿನ ಗೀರುಗಳು ಎಷ್ಟೇ ಉಳಿದಿರಲಿ, ಅಷ್ಟು ಹಳೆಯ ರಬ್ಬರು ಕಲ್ಲಾಗಿರುತ್ತದೆ.

2019ರಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ತಾಲ್ಲೂಕುಗಳ ಊರೂರೇ ಮುಳುಗಿದ್ದು ನಮಗೆಲ್ಲ ನೆನಪಿದೆ. ಆ ವರ್ಷವೇ ಸಾಂಗ್ಲಿ, ಕೊಲ್ಹಾಪುರಗಳೂ ಮುಳುಗಿದವು. ಹಾಗೆ ನೀರಿನಲ್ಲಿ ಮುಳುಗಿದ ಗಾಡಿಗಳೂ ಮಾರಾಟಕ್ಕೆ ಬರುತ್ತವೆ. ಹಿಂದೊಮ್ಮೆ ಕೆಂಪು ಗಾಡಿಯೊಂದನ್ನು ನೋಡಲು ಹೋಗಿದ್ದೆ. ಆಲಾಯ್ ಚಕ್ರ, ಹೊಸ ಸೀಟ್ ಕವರ್, ಕನ್ನಡಿಯಂಥ ಹೊಳಪು. ಚಾಲಕನ ಸೀಟ್ ಬೆಲ್ಟನ್ನು ಮೆಲ್ಲಗೆ ಎಳೆಯುತ್ತ ಹೋದೆ. ಕೊನೆಯ ಗೇಣುದ್ದ ಹೊರಬಂದಾಗ ಅದರ ಮೇಲೆ ಮಾಸಲು ಕಂದು ಗೆರೆಯೊಂದು ನೆಟ್ಟಗೆ ಕಂಡಿತು. ಸ್ಟೆಪ್ನಿ ಎತ್ತಿದರೆ ಅಡಿಯ ಗುಂಡಿಯ ಮೂಲೆಯಲ್ಲಿ ಒಣಗಿ ಬಿರುಕು ಬಿಟ್ಟ ರೇವೆ ಮಣ್ಣು. ನೀರು ಸೀಟಿನವರೆಗೂ ನಿಂತಿದ್ದ ಗಾಡಿ ಅದು. ಹೊಳೆಯ ನೀರು ಕುಡಿದ ಗಾಡಿಯ ವೈರಿಂಗು ಇಂದಲ್ಲ ನಾಳೆ ಕೈಕೊಡುತ್ತದೆ. ಬೆಲ್ಟ್ ಎಳೆದು ನೋಡಲು ಅರ್ಧ ನಿಮಿಷ ಸಾಕು.

ಇನ್ನು ಓಡಿಸಿ ನೋಡುವುದು. ಹುನಗುಂದ, ಇಳಕಲ್ ನಡುವಿನ ರಾಷ್ಟ್ರೀಯ ಹೆದ್ದಾರಿ 50 ಇದಕ್ಕೆ ಅನುಕೂಲ. ಹಿಂದೆ ಮುಂದೆ ಯಾರೂ ಇಲ್ಲದಾಗ ಎಂಬತ್ತರಿಂದ ನಿಧಾನಕ್ಕೆ ಬ್ರೇಕ್ ಒತ್ತಿ. ಸ್ಟೇರಿಂಗ್ ನಡುಗಿದರೆ ಡಿಸ್ಕ್ ಸೊಟ್ಟಗಿದೆ, ಗಾಡಿ ಒಂದು ಪಕ್ಕಕ್ಕೆ ಎಳೆದರೆ ಬ್ರೇಕಿನಲ್ಲೋ ಚಕ್ರದ ಜೋಡಣೆಯಲ್ಲೋ ದೋಷವಿದೆ. ಬಯಲಿನಲ್ಲಿ ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ಸುತ್ತು ಹಾಕಿ, ಮುಂದಿನ ಚಕ್ರದಿಂದ ಕಟಕಟ ಸದ್ದು ಬಂದರೆ ಆಕ್ಸಲ್ ಜಾಯಿಂಟ್ ಹೋಗಿದೆ. ಪಂಪುಗಳಲ್ಲಿ ಈಗ ಸಿಗುವುದು ಶೇ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಹಳೆಯ ಗಾಡಿಯ ಇಂಧನದ ರಬ್ಬರ್ ಪೈಪುಗಳನ್ನೂ ಮೆಕ್ಯಾನಿಕ್‌ಗೆ ತೋರಿಸಿ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ ಅದು ತೆಗೆದುಹೋಗುವವರೆಗೆ ಪೂರ್ತಿ ಹಣ ಕೊಡಬೇಡಿ. ಹೆಸರು ಬದಲಾಯಿಸಲು 29, 30ನೇ ನಮೂನೆಗಳಿಗೆ ಸಹಿ ಬೇಕು. ಕೆಎ-29 ಪಾಸಿಂಗ್ ಗಾಡಿಯಾದರೆ ಕೆಲಸ ಬಾಗಲಕೋಟೆಯಲ್ಲೇ ಮುಗಿಯುತ್ತದೆ. ಸೊಲ್ಲಾಪುರದ ಎಂಎಚ್-13 ಅಗ್ಗವಾಗಿ ಕಂಡರೂ ಎನ್‌ಒಸಿ ತರಬೇಕು, ಇಲ್ಲಿನ ತೆರಿಗೆಯನ್ನೂ ಕಟ್ಟಬೇಕು. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ಆ ಅಪ್ಪ-ಮಗನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. 3 ಲಕ್ಷ ಇದ್ದರೆ ಎರಡೂವರೆ ಲಕ್ಷದ ಗಾಡಿ ಹುಡುಕಿ. ನನ್ನ ಆಯ್ಕೆ ಒಬ್ಬರೇ ಮಾಲೀಕರು ಓಡಿಸಿದ, ಸರ್ವಿಸ್ ಬಿಲ್ಲು ಇಟ್ಟಿರುವ ಸ್ವಿಫ್ಟ್ ಝಡ್‌ಎಕ್ಸ್‌ಐ ಪೆಟ್ರೋಲ್. ಬಣ್ಣ ಯಾವುದಾದರೂ ಆಗಲಿ. ಉಳಿದ 50 ಸಾವಿರದಲ್ಲಿ ನಾಲ್ಕು ಹೊಸ ಟೈರು, ಬ್ರೇಕ್ ಪ್ಯಾಡು, ಬ್ರೇಕ್ ಆಯಿಲ್, ಕೂಲೆಂಟ್, ವಿಮೆ ಮುಗಿಸಿ. ಸ್ಪ್ರಿಂಗ್ ಕತ್ತರಿಸಿ ಗಾಡಿ ತಗ್ಗಿಸುವುದು, ಗುಡುಗುವ ಸೈಲೆನ್ಸರ್ ಹಾಕುವುದು ಬೇಡವೇ ಬೇಡ. ನಮ್ಮ ಊರುಗಳ ರಸ್ತೆ ಹಂಪುಗಳಿಗೆ ತಗ್ಗಿಸಿದ ಗಾಡಿ ತಾಳುವುದಿಲ್ಲ. ಕಂಪನಿ ಕೊಟ್ಟ ವಿನ್ಯಾಸವನ್ನು ಹಾಗೆ ಬದಲಿಸುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಅಪ್ಪಂದಿರಲ್ಲಿ ಒಂದು ಕೋರಿಕೆ: ಮಗನಿಗೋ ಮಗಳಿಗೋ ಹದಿನೆಂಟು ತುಂಬಿ ಲೈಸೆನ್ಸ್ ಕೈಗೆ ಬರುವವರೆಗೆ ಕೀಲಿ ಕೊಡಬೇಡಿ. ಬಂದ ಮೇಲೂ ಮೊದಲ ಒಂದು ತಿಂಗಳು ಪಕ್ಕದ ಸೀಟಿನಲ್ಲಿ ನೀವೇ ಕೂತಿರಿ, ಇಬ್ಬರೂ ಬೆಲ್ಟ್ ಹಾಕಿಕೊಂಡು.